ಹೊಸ ಬಡಾವಣೆಯ ನೀರಿನ ಲೆಕ್ಕ

ಕಡೂರಿನಿಂದ ಬೀರೂರಿನ ಮೇಲೆ ಹಾದು ತರೀಕೆರೆಗೆ ಹೋಗುವ ಹೆದ್ದಾರಿಯಲ್ಲಾಗಲಿ, ಬೀರೂರಿನಿಂದ ಅಜ್ಜಂಪುರಕ್ಕೆ ಹೋಗುವ ದಾರಿಯಲ್ಲಾಗಲಿ ಪ್ರಯಾಣ ಮಾಡುವವರಿಗೆ ಊರಿನ ಅಂಚು ಸಮೀಪಿಸಿತೆಂಬುದು ಈಗ ಒಂದು ಹೊಸ ಗುರುತಿನಿಂದ ತಿಳಿಯುತ್ತದೆ. ನಿನ್ನೆ ಮೊನ್ನೆಯವರೆಗೆ ರಾಗಿಯನ್ನೋ ಈರುಳ್ಳಿಯನ್ನೋ ಬೆಳೆಯುತ್ತಿದ್ದ ಹೊಲದ ಬದುಗಳು ಮಾಯವಾಗಿ ನೆಲ ಮಟ್ಟಸವಾಗಿದೆ. ಅದರ ಮೇಲೆ ಉದ್ದಕ್ಕೂ ಅಡ್ಡಕ್ಕೂ ಹೊಸ ಮಣ್ಣಿನ ರಸ್ತೆಗಳು ಮೂಡಿವೆ. ರಸ್ತೆಗಳ ಎರಡು ಪಕ್ಕದಲ್ಲಿಯೂ ಬಣ್ಣ ಬಳಿದ ಗಡಿಕಲ್ಲುಗಳು ಸಾಲಾಗಿ ನಿಂತಿವೆ. ಹೊಲವು ಬಡಾವಣೆಯಾಗಿದೆ.

ಇದರಲ್ಲಿ ಆಕ್ಷೇಪಿಸತಕ್ಕದ್ದೇನೂ ಇಲ್ಲ. ಊರೆಂದ ಮೇಲೆ ಬೆಳೆಯಲೇ ಬೇಕು. ಜನರಿಗೆ ಮನೆ ಬೇಕೇ ಬೇಕು. 2011ರ ಜನಗಣತಿಯಲ್ಲಿಯೇ ಕಡೂರು, ತರೀಕೆರೆ ಪಟ್ಟಣಗಳು ಒಂದೊಂದೂ 35,000 ಜನರ ಆಸುಪಾಸಿಗೆ ಬಂದಿದ್ದುವು. 2013ರಲ್ಲಿ ಕಡೂರಿನಿಂದ ಚಿಕ್ಕಮಗಳೂರಿಗೆ ರೈಲು ಓಡತೊಡಗಿತು. ಮೊದಲು ತರೀಕೆರೆ ತಾಲ್ಲೂಕಿಗೆ ಸೇರಿದ್ದ ಅಜ್ಜಂಪುರ ಈಗ ತಾನೇ ಒಂದು ತಾಲ್ಲೂಕಿನ ಕೇಂದ್ರವಾಗಿದೆ. ಮಕ್ಕಳ ವಿದ್ಯಾಭ್ಯಾಸಕ್ಕಾಗಿ ಹಳ್ಳಿಯಿಂದ ಬರುವವರು, ಕಚೇರಿಯ ಕೆಲಸದವರು, ನಿವೃತ್ತರಾದವರು ಎಲ್ಲರೂ ಒಂದು ನಿವೇಶನವನ್ನು ಅರಸುವುದು ಸಹಜವೇ.

ಕೆಲವು ತಿಂಗಳ ಹಿಂದೆ ನಮ್ಮ ವಿದ್ಯಾರ್ಥಿಯೊಬ್ಬನ ತಂದೆಯವರು ಒಂದು ದೊಡ್ಡ ಕಾಗದದ ಸುರುಳಿಯನ್ನು ಹಿಡಿದು ನಮ್ಮ ಮನೆಗೆ ಬಂದರು. ಕಡೂರಿನ ಅಂಚಿನಲ್ಲಿ ಅವರಿಗೂ ಅವರ ತಮ್ಮಂದಿರಿಗೂ ಸೇರಿ ಹತ್ತು ಎಕರೆ ಹೊಲವಿದೆ. ಅದನ್ನು ಬಡಾವಣೆ ಮಾಡಬೇಕೆಂದು ನಿಶ್ಚಯವಾಗಿ ನಕ್ಷೆಯ ಕರಡು ಸಿದ್ಧವಾಗಿತ್ತು. ಹೊಲದ ಕೆಳಮಗ್ಗುಲಿಗೆ ಅವರದೇ ನಾಲ್ಕು ಎಕರೆ ತೆಂಗಿನ ತೋಟ ಮತ್ತು ಒಂದು ಕೊಳವೆ ಬಾವಿ. ತೋಟದಾಚೆಗೆ ಊರಿನ ಕೆರೆ. “ಮೇಷ್ಟ್ರೆ, ಮೇಲೆ ಇನ್ನೂರು ಮನೆ ಎದ್ದರೆ ಕೆಳಗಿನ ತೋಟಕ್ಕೆ ಏನಾದೀತು? ನೀವು ಸ್ವಲ್ಪ ಲೆಕ್ಕ ಹಾಕಿ ಹೇಳಿ” ಎಂದು ಅವರು ಕೇಳಿದರು. ಅವರ ಪ್ರಶ್ನೆ ಅವರೊಬ್ಬರದಲ್ಲ. ಆದುದರಿಂದ ಆ ಲೆಕ್ಕವನ್ನು ವಾಚಕರ ಮುಂದೆಯೇ ಹಾಕಿ ನೋಡೋಣ. ಪ್ರೌಢಶಾಲೆಯ ಗಣಿತಕ್ಕಿಂತ ಹೆಚ್ಚಿನದೇನೂ ಇದಕ್ಕೆ ಬೇಕಾಗಿಲ್ಲ.

ನಕ್ಷೆಯಲ್ಲಿ ಕಾಣುವುದು, ಕಾಣದಿರುವುದು

ಬೇಸಾಯದ ಭೂಮಿಯನ್ನು ಮನೆಗಳಿಗಾಗಿ ಬಳಸಬೇಕಾದರೆ 1964ರ ಭೂಕಂದಾಯ ಅಧಿನಿಯಮದ ಮೇರೆಗೆ ಪರಿವರ್ತನೆಯಾಗಬೇಕು. 1961ರ ಪಟ್ಟಣ ಮತ್ತು ಗ್ರಾಮಾಂತರ ಯೋಜನೆ ಅಧಿನಿಯಮದ ಮೇರೆಗೆ ನಕ್ಷೆಗೆ ಅನುಮೋದನೆ ದೊರೆಯಬೇಕು. ಇಷ್ಟು ದೊಡ್ಡ ಬಡಾವಣೆಯಾದರೆ 2016ರ ರಿಯಲ್ ಎಸ್ಟೇಟ್ ಅಧಿನಿಯಮದ ಮೇರೆಗೆ ನೋಂದಣಿಯೂ ಆಗಬೇಕು. ರಸ್ತೆಯ ಅಗಲವೆಷ್ಟು, ಉದ್ಯಾನಕ್ಕೆ ಬಿಟ್ಟ ಜಾಗವೆಷ್ಟು ಎಂಬುದೆಲ್ಲ ಅಲ್ಲಿ ಪರೀಕ್ಷೆಗೆ ಒಳಗಾಗುತ್ತದೆ. ಚರಂಡಿಯೂ ನಕ್ಷೆಯಲ್ಲಿ ಇರುತ್ತದೆ. ಆದರೆ ಕಾಗದದ ಮೇಲಿನ ಗೆರೆಗೆ ಇಳಿಜಾರೆಂಬುದಿಲ್ಲ. ಕಾಗದವು ಎಲ್ಲ ಕಡೆಗೂ ಸಮತಟ್ಟು; ನೆಲವು ಹಾಗಲ್ಲ. ನೀರಿಗಾದರೋ ನಕ್ಷೆಯ ಗಡಿರೇಖೆಗಳು ತಿಳಿಯವು. ಅದಕ್ಕೆ ತಿಳಿದಿರುವುದು ಗುರುತ್ವ ಒಂದೇ.

ಹತ್ತು ಎಕರೆಯೆಂದರೆ 40,470 ಚದರ ಮೀಟರು. ಇದರಲ್ಲಿ ನೂರಕ್ಕೆ 55 ಭಾಗ ನಿವೇಶನಗಳಿಗೆ, 30 ಭಾಗ ರಸ್ತೆಗಳಿಗೆ, 15 ಭಾಗ ಉದ್ಯಾನ ಮತ್ತು ಇತರ ಸೌಕರ್ಯಗಳಿಗೆ ಎಂದು ನಕ್ಷೆಯಲ್ಲಿ ಹಂಚಿಕೆಯಾಗಿತ್ತು. ಎಕರೆಯೊಂದಕ್ಕೆ 43,560 ಚದರ ಅಡಿಯಾದುದರಿಂದ ಐದೂವರೆ ಎಕರೆಯಲ್ಲಿ ನಮಗೆಲ್ಲ ಪರಿಚಿತವಾದ 30 ಅಡಿಗೆ 40 ಅಡಿಯ ನಿವೇಶನಗಳು ಸುಮಾರು 200 ಆಗುತ್ತವೆ. ಈ ಅಂಕೆಗಳನ್ನು ನೆನಪಿನಲ್ಲಿಟ್ಟುಕೊಳ್ಳೋಣ.

ಮೂರು ಊರು, ಮೂರು ನೆಲ

ಲೆಕ್ಕಕ್ಕೆ ಮೊದಲು ನೆಲದ ಪರಿಚಯ ಬೇಕು. ಇಪ್ಪತ್ತು ಮೂವತ್ತು ಮೈಲಿಯೊಳಗೇ ಇರುವ ಈ ಮೂರು ಊರುಗಳ ನೆಲ ಒಂದೇ ಬಗೆಯದಲ್ಲ.

ಕಡೂರು ಬಾಬಾಬುಡನ್‌ ಗಿರಿಯ ಮಳೆಯ ನೆರಳಿನಲ್ಲಿದೆ. ಅರಬ್ಬಿ ಸಮುದ್ರದಿಂದ ಬರುವ ಮೋಡಗಳು ಮಲೆನಾಡಿನಲ್ಲಿಯೇ ಬಹುಪಾಲು ಬರಿದಾಗಿ, ಈ ಬಯಲನ್ನು ತಲಪುವಾಗ ವರ್ಷಕ್ಕೆ ಸುಮಾರು 600 ಮಿಲಿಮೀಟರು ಮಳೆಯನ್ನು ಮಾತ್ರ ಕೊಡುತ್ತವೆ. ಇಲ್ಲಿನ ಹಿರಿಯರು ಇದನ್ನು ಬಲ್ಲವರಾಗಿದ್ದರು. ಗಿರಿಯಿಂದ ಇಳಿಯುವ ವೇದಾ ಹೊಳೆಯ ನೀರನ್ನು ಸಖರಾಯಪಟ್ಟಣದ ಬಳಿಯ ಅಯ್ಯನಕೆರೆಯಲ್ಲಿಯೂ, ಅವತಿಯ ನೀರನ್ನು ಮದಗದ ಕೆರೆಯಲ್ಲಿಯೂ ತಡೆದು ನಿಲ್ಲಿಸಿದರು. ಇವೆರಡೂ ಕಡೂರಿನ ಬಳಿ ಸೇರಿ ವೇದಾವತಿಯಾಗಿ ಹಿರಿಯೂರಿನ ವಾಣಿವಿಲಾಸ ಸಾಗರಕ್ಕೆ ಹೋಗುತ್ತವೆ. ಆ ಜಲಾಶಯ 1933ರಲ್ಲಿ ಕೋಡಿ ಹರಿದ ಮೇಲೆ ಮತ್ತೆ ಕೋಡಿ ಹರಿದುದು 2022ರಲ್ಲಿ, ಎಂದರೆ 89 ವರ್ಷಗಳ ನಂತರ. ಈ ಸೀಮೆಯಲ್ಲಿ ನೀರು ಎಷ್ಟು ಅಪರೂಪವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ತರೀಕೆರೆಗೆ ಕೆರೆ ಹೆಸರಿನಲ್ಲಿಯೇ ಇದೆ. ಅದರ ಏರಿಯ ಮೇಲೆ ಮೇಯುವ ಕರಿಯ ಕುರಿಮರಿಗಳ ಮಾತನ್ನು ಹೇಳಲು ಹೋಗಿ ನಾಲಿಗೆ ತೊಡರಿಸಿಕೊಳ್ಳದ ಕನ್ನಡದ ಮಕ್ಕಳಿಲ್ಲ. ಬೆಟ್ಟದ ಬುಡಕ್ಕೆ ಸಮೀಪವಾಗಿರುವುದರಿಂದ ಇಲ್ಲಿ ಮಳೆ ಕಡೂರಿಗಿಂತ ಹೆಚ್ಚು. ಪಶ್ಚಿಮಕ್ಕೆ ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟಿದೆ. ಸುತ್ತ ಅಡಕೆಯ ತೋಟಗಳಿವೆ. ಇಲ್ಲಿ ಊರಿನ ಅಂಚೆಂದರೆ ಎಷ್ಟೋ ಕಡೆ ಗದ್ದೆಯ ಅಥವಾ ಕೆರೆಯ ಅಂಚೇ. ಅಜ್ಜಂಪುರದ ಕಡೆಗೆ ಹೋದರೆ ಕಪ್ಪು ಎರೆಮಣ್ಣು ಕಾಣಿಸಿಕೊಳ್ಳುತ್ತದೆ. ಈ ಮಣ್ಣಿನ ಗುಣವೇ ಬೇರೆ. ಅದನ್ನು ಮುಂದೆ ನೋಡುತ್ತೇವೆ.

ಸುರಿದ ಮಳೆ ಎಲ್ಲಿಗೆ ಹೋಗುವುದು?

ಈಗ ನಮ್ಮ ಹತ್ತು ಎಕರೆಗೆ ಹಿಂದಿರುಗೋಣ. ಒಂದು ಸಂಜೆ ಗುಡುಗುಮಳೆ ಬಂದು ಒಂದು ಗಂಟೆಯಲ್ಲಿ 40 ಮಿಲಿಮೀಟರು ಸುರಿಯಿತೆನ್ನಿರಿ. ಬಿದ್ದ ನೀರಿನ ಮೊತ್ತವೆಷ್ಟು? 40,470 ಚದರ ಮೀಟರನ್ನು 0.04 ಮೀಟರಿನಿಂದ ಗುಣಿಸಿದರೆ ಸುಮಾರು 1,620 ಘನ ಮೀಟರು. ಲೀಟರಿನಲ್ಲಿ ಹೇಳುವುದಾದರೆ 16.2 ಲಕ್ಷ.

ಇಷ್ಟೂ ನೀರು ಹರಿದುಹೋಗುವುದಿಲ್ಲ. ಒಂದು ಭಾಗ ಮಣ್ಣಿನಲ್ಲಿ ಇಂಗುತ್ತದೆ, ಒಂದು ಭಾಗ ತಗ್ಗುಗಳಲ್ಲಿ ನಿಲ್ಲುತ್ತದೆ. ಉಳಿದು ಹರಿಯುವ ಭಾಗವು ಬಿದ್ದುದರಲ್ಲಿ ಎಷ್ಟು ಅಂಶವೆಂಬುದನ್ನು ಹರಿವಿನ ಗುಣಾಂಕವೆನ್ನುತ್ತಾರೆ. ಗುಣಾಂಕ, ಮಳೆಯ ತೀವ್ರತೆ, ವಿಸ್ತೀರ್ಣ ಈ ಮೂರನ್ನೂ ಗುಣಿಸಿದರೆ ಹರಿಯುವ ನೀರಿನ ಪ್ರಮಾಣ ದೊರೆಯುತ್ತದೆ. ಅಮೆರಿಕದ ರಾಚೆಸ್ಟರ್ ನಗರದ ಚರಂಡಿಗಳ ವಿಷಯವಾಗಿ ಎಮಿಲ್ ಕುಯಿಕ್ಲಿಂಗ್ ಎಂಬ ಎಂಜಿನಿಯರು 1889ರಲ್ಲಿ ಬಳಕೆಗೆ ತಂದ ಈ ಸರಳ ವಿಧಾನವನ್ನು ಸಣ್ಣ ಪ್ರದೇಶಗಳಿಗೆ ಇಂದಿಗೂ ಎಲ್ಲೆಡೆ ಉಪಯೋಗಿಸುತ್ತಾರೆ.

ಉತ್ತ ಹೊಲಕ್ಕೆ ಗುಣಾಂಕ ಸುಮಾರು 0.2 ಎಂದು ಇಟ್ಟುಕೊಳ್ಳಬಹುದು. ಬದುಗಳು ನೀರನ್ನು ತಡೆಯುತ್ತವೆ, ಸಡಿಲವಾದ ಮಣ್ಣು ಹೀರುತ್ತದೆ. ಹಾಗಾಗಿ ಹೊಲದಿಂದ ಹೊರಕ್ಕೆ ಹರಿಯುವುದು 3.24 ಲಕ್ಷ ಲೀಟರು ಮಾತ್ರ.

ಹೊಲವು ಬಡಾವಣೆಯಾದ ಮೇಲೆ? ನಿವೇಶನಗಳ 55 ಭಾಗದಲ್ಲಿ 45 ಭಾಗ ಮಾಳಿಗೆಯೂ ಕಾಂಕ್ರೀಟಿನ ಅಂಗಳವೂ ಆಗಿ ಉಳಿದ 10 ಭಾಗ ತೆರೆದ ಮಣ್ಣಾಗಿರುವುದೆಂದು ಭಾವಿಸೋಣ. ಮಾಳಿಗೆಯ ಗುಣಾಂಕ 0.9, ಡಾಂಬರು ರಸ್ತೆಯದು 0.85, ಮನೆಯ ಹಿತ್ತಿಲ ಮಣ್ಣಿನದು 0.3, ಉದ್ಯಾನದ್ದು 0.2. ಎಂಜಿನಿಯರುಗಳ ಕೈಪಿಡಿಗಳಲ್ಲಿ ಸಾಮಾನ್ಯವಾಗಿ ದೊರೆಯುವ ಬೆಲೆಗಳಿವು. ಪ್ರತಿಯೊಂದನ್ನೂ ಅದರದರ ಭಾಗದಿಂದ ಗುಣಿಸಿ ಕೂಡಿಸಿದರೆ 40.5, 25.5, 3 ಮತ್ತು 3, ಒಟ್ಟು 72. ಎಂದರೆ ಇಡೀ ಬಡಾವಣೆಯ ಗುಣಾಂಕ 0.72. ಅದೇ ಮಳೆಗೆ ಈಗ ಹೊರಕ್ಕೆ ಹರಿಯುವುದು 11.66 ಲಕ್ಷ ಲೀಟರು. ಮೊದಲಿಗಿಂತ ಮೂರೂವರೆ ಮಡಿಗೂ ಹೆಚ್ಚು. ಮಳೆ ಬದಲಾಗಲಿಲ್ಲ, ನೆಲದ ವಿಸ್ತೀರ್ಣ ಬದಲಾಗಲಿಲ್ಲ. ಬದಲಾದುದು ನೆಲದ ಹೊದಿಕೆ ಮಾತ್ರ.

ಇದನ್ನು ಸೆಕೆಂಡಿನ ಲೆಕ್ಕಕ್ಕೆ ತಂದರೆ, ಹೊಲದಿಂದ 90 ಲೀಟರು ಹರಿಯುತ್ತಿದ್ದ ಕಡೆ ಬಡಾವಣೆಯಿಂದ 324 ಲೀಟರು ಹರಿಯುತ್ತದೆ. ಅಷ್ಟೇ ಅಲ್ಲ. ನಯವಾದ ಮಾಳಿಗೆ ಮತ್ತು ರಸ್ತೆಗಳ ಮೇಲೆ ನೀರು ಬೇಗ ಓಡುವುದರಿಂದ ಎಲ್ಲ ಮೂಲೆಗಳ ನೀರೂ ಹೆಚ್ಚು ಕಡಮೆ ಒಂದೇ ಸಮಯಕ್ಕೆ ಕೆಳಗಿನ ತುದಿಯನ್ನು ಮುಟ್ಟುತ್ತದೆ. ಹೊಲದಲ್ಲಾದರೆ ಅದು ತಡೆತಡೆದು ಬರುತ್ತಿತ್ತು.

ಕೊಳವೆಯ ಅಳತೆ

“ಅದಕ್ಕೇನು, ಒಂದು ಅಡಿಯ ಕೊಳವೆ ಹಾಕಿಸಿದರಾಯಿತು” ಎಂದು ಹೇಳುವವರುಂಟು. ಕೊಳವೆಯಲ್ಲಿ ನೀರಿನ ವೇಗವನ್ನು ತಿಳಿಯಲು ಐರ್ಲೆಂಡಿನ ರಾಬರ್ಟ್ ಮ್ಯಾನಿಂಗ್ ಎಂಬ ಎಂಜಿನಿಯರು ಮಂಡಿಸಿದ ಸೂತ್ರವೊಂದಿದೆ. ಸ್ವಾರಸ್ಯವೆಂದರೆ ಅದೂ 1889ರದೇ. ಅದರ ಪ್ರಕಾರ, 200 ಅಡಿಗೆ ಒಂದು ಅಡಿ ಇಳಿಜಾರಿರುವ, ಸುಮಾರು ಒಂದು ಅಡಿ ಅಡ್ಡಗಲದ ಕಾಂಕ್ರೀಟು ಕೊಳವೆ ತುಂಬಿ ಹರಿದರೂ ಸೆಕೆಂಡಿಗೆ 70 ಲೀಟರಿಗಿಂತ ಸ್ವಲ್ಪ ಕಡಮೆ ನೀರನ್ನು ಮಾತ್ರ ಸಾಗಿಸಬಲ್ಲುದು. ನಮ್ಮ 324 ಲೀಟರಿನ ಮುಂದೆ ಅದು ಏತಕ್ಕೂ ಸಾಲದು.

ಕೊಳವೆಯ ಅಡ್ಡಗಲವನ್ನು ಎರಡು ಅಡಿ ಮಾಡಿದರೆ ಏನಾಗುವುದು? ಬಾಯಿಯ ವಿಸ್ತೀರ್ಣ ನಾಲ್ಕು ಮಡಿಯಾದುದರಿಂದ ಹರಿವೂ ನಾಲ್ಕು ಮಡಿಯಾಗುವುದೆಂದು ವಿದ್ಯಾರ್ಥಿಗಳು ಹೇಳಬಹುದು. ನಿಜವಾಗಿ ಅದು ಆರು ಮಡಿಗೂ ಹೆಚ್ಚಾಗಿ, ಸೆಕೆಂಡಿಗೆ 430 ಲೀಟರಿನಷ್ಟಾಗುತ್ತದೆ. ಕಾರಣವಿಷ್ಟೆ: ನೀರನ್ನು ತಡೆಯುವುದು ಕೊಳವೆಯ ಗೋಡೆಯ ಘರ್ಷಣೆ. ಕೊಳವೆ ದೊಡ್ಡದಾದಂತೆ ಗೋಡೆಯನ್ನು ಮುಟ್ಟದೆ ನಡುವೆ ಹರಿಯುವ ನೀರಿನ ಪಾಲು ಹೆಚ್ಚುತ್ತದೆ, ವೇಗವೂ ಹೆಚ್ಚುತ್ತದೆ. ಆದುದರಿಂದ ಚರಂಡಿಯ ಅಳತೆಯಲ್ಲಿ ಮಾಡುವ ಸಣ್ಣ ಉಳಿತಾಯ ಮಳೆಗಾಲದಲ್ಲಿ ಬಹು ದೊಡ್ಡ ನಷ್ಟವಾಗಿ ಪರಿಣಮಿಸುತ್ತದೆ.

ಆದರೆ ಕೊಳವೆಯನ್ನು ದೊಡ್ಡದು ಮಾಡುವುದರಿಂದ ನೀರು ಮಾಯವಾಗುವುದೆ? ಇಲ್ಲ, ಅದು ನಮ್ಮ ಗಡಿಯನ್ನು ದಾಟಿ ಕೆಳಗಿನವನ ಪಾಲಾಗುತ್ತದೆ, ಅಷ್ಟೆ. ಬೆಂಗಳೂರು ಈ ಪಾಠವನ್ನು ಕಲಿತುದು ಬಹಳ ಬೆಲೆ ತೆತ್ತು. ಅಲ್ಲಿನ ಧರ್ಮಾಂಬುಧಿ ಕೆರೆಯ ಅಂಗಳ ಬಸ್ಸು ನಿಲ್ದಾಣವಾಯಿತು. ಸಂಪಂಗಿ ಕೆರೆಯಲ್ಲಿ ಕ್ರೀಡಾಂಗಣವೆದ್ದಿತು. ಕೋರಮಂಗಲದ ಕೆರೆಯಂಗಳದಲ್ಲಿ 1997ರ ರಾಷ್ಟ್ರೀಯ ಕ್ರೀಡೆಗಳಿಗಾಗಿ ವಸತಿಗಳನ್ನು ಕಟ್ಟಿದರು. ಮೇಲಿನ ಕೆರೆಯಿಂದ ಕೆಳಗಿನ ಕೆರೆಗೆ ನೀರನ್ನೊಯ್ಯುತ್ತಿದ್ದ ಕಾಲುವೆಗಳು ಎಷ್ಟೋ ಕಡೆ ಇಕ್ಕಟ್ಟಾದುವು. 2022ರ ಸೆಪ್ಟೆಂಬರಿನಲ್ಲಿ ನಗರದ ಪೂರ್ವಭಾಗದ ಬಡಾವಣೆಗಳಲ್ಲಿ ನೀರು ನುಗ್ಗಿ ಜನರನ್ನು ಟ್ರಾಕ್ಟರುಗಳಲ್ಲಿಯೂ ದೋಣಿಗಳಲ್ಲಿಯೂ ಸಾಗಿಸಬೇಕಾಯಿತು. ದೊಡ್ಡ ನಗರಕ್ಕೆ ಬಂದ ಕಷ್ಟವು ಸಣ್ಣ ಪಟ್ಟಣಕ್ಕೆ ಬರಲಾರದೆಂದಿಲ್ಲ. ಆದರೆ ಸಣ್ಣ ಪಟ್ಟಣಕ್ಕೆ ಅದನ್ನು ತಪ್ಪಿಸಿಕೊಳ್ಳುವ ಅವಕಾಶ ಇನ್ನೂ ಉಂಟು.

ಒಂದು ಗೇಣಿನ ಉಪಾಯ

ಹೊಲದಿಂದ ಹರಿಯುತ್ತಿದ್ದುದು 3.24 ಲಕ್ಷ ಲೀಟರು, ಬಡಾವಣೆಯಿಂದ ಹರಿಯುವುದು 11.66 ಲಕ್ಷ. ವ್ಯತ್ಯಾಸ 8.42 ಲಕ್ಷ ಲೀಟರು, ಎಂದರೆ 842 ಘನ ಮೀಟರು. ಈ ಹೆಚ್ಚಿನ ನೀರನ್ನು ಬಡಾವಣೆಯೊಳಗೇ ಕೆಲವು ಗಂಟೆಗಳ ಕಾಲ ಹಿಡಿದಿಟ್ಟರೆ ಕೆಳಗಿನ ತೋಟಕ್ಕೂ ಕೆರೆಗೂ ಏನೂ ಬದಲಾದಂತೆ ತೋರದು. ಹಿಡಿದಿಡಲು ಎಷ್ಟು ಜಾಗ ಬೇಕು?

ನಕ್ಷೆಯಲ್ಲಿ ಒಂದು ಎಕರೆ, ಎಂದರೆ 4,047 ಚದರ ಮೀಟರು ಉದ್ಯಾನವಿದೆ. 842ನ್ನು 4,047ರಿಂದ ಭಾಗಿಸಿದರೆ 0.208 ಮೀಟರು. ಸುಮಾರು 21 ಸೆಂಟಿಮೀಟರು. ಒಂದು ಗೇಣಿಗಿಂತಲೂ ತುಸು ಕಡಮೆ! ಉದ್ಯಾನವನ್ನು ಬಡಾವಣೆಯ ಅತ್ಯಂತ ತಗ್ಗಾದ ಮೂಲೆಯಲ್ಲಿಟ್ಟು, ಅದರ ಹುಲ್ಲುನೆಲವನ್ನು ಸುತ್ತಲಿಗಿಂತ ಒಂದು ಗೇಣು ಕೆಳಗೆ ಮಾಡಿ, ಒಂದು ಸಣ್ಣ ತೂಬಿನಿಂದ ನಿಧಾನವಾಗಿ ಹೊರಕ್ಕೆ ಬಿಟ್ಟರೆ ಸಾಕು. ಮಳೆ ನಿಂತ ಮರುದಿನ ಮಕ್ಕಳು ಅಲ್ಲಿಯೇ ಆಡಬಹುದು. ಇದು ಹೊಸ ಕಲ್ಪನೆಯೇನಲ್ಲ. ಏರಿ, ತೂಬು, ಕೋಡಿ ಎಂಬ ನಮ್ಮ ಕೆರೆಯ ವಿದ್ಯೆಯೇ ಚಿಕ್ಕ ಪ್ರಮಾಣದಲ್ಲಿ.

ಆದರೆ ಸಾಮಾನ್ಯವಾಗಿ ನಡೆಯುವುದೇನು? ನಿವೇಶನಗಳನ್ನೆಲ್ಲ ಗುರುತಿಸಿದ ಮೇಲೆ ಎಲ್ಲಿಯೂ ಹೊಂದದೆ ಉಳಿದ ತ್ರಿಕೋಣದ ತುಂಡು ಉದ್ಯಾನವಾಗುತ್ತದೆ. ನಮ್ಮ ಮುಂದಿದ್ದ ಕರಡಿನಲ್ಲಿಯೂ ಅದು ಅತ್ಯಂತ ಎತ್ತರದ ಮೂಲೆಯಲ್ಲಿತ್ತು. ಅತ್ಯಂತ ತಗ್ಗಿನಲ್ಲಿ ಒಂದು ಸಾಲು ನಿವೇಶನಗಳಿದ್ದುವು. ಮಳೆಯ ನೀರು ಸೇರಬೇಕಾದ ಕಡೆ ಮನೆಗಳು, ನೀರು ಏರಲಾರದ ಕಡೆ ಉದ್ಯಾನ!

ಬಳಸುವ ನೀರು ಎಲ್ಲಿಂದ ಬರುವುದು?

ಹೊರಕ್ಕೆ ಹೋಗುವ ನೀರಿನ ಲೆಕ್ಕವಾಯಿತು. ಒಳಕ್ಕೆ ಬರಬೇಕಾದ ನೀರಿನದು ಇದಕ್ಕಿಂತ ಗಂಭೀರವಾದುದು.

ಇನ್ನೂರು ಮನೆಗಳಲ್ಲಿ ಮನೆಗೆ ಐವರಂತೆ ಸಾವಿರ ಜನ. ಒಬ್ಬೊಬ್ಬರಿಗೆ ದಿನಕ್ಕೆ 100 ಲೀಟರೆಂದರೆ ಒಟ್ಟು ಒಂದು ಲಕ್ಷ ಲೀಟರು. ವರ್ಷಕ್ಕೆ 365 ಲಕ್ಷ. ಇನ್ನು ಆ ಹತ್ತು ಎಕರೆಯ ಮೇಲೆ ಇಡೀ ವರ್ಷದಲ್ಲಿ ಬೀಳುವ ಮಳೆ 600 ಮಿಲಿಮೀಟರಿನಂತೆ 243 ಲಕ್ಷ ಲೀಟರು. ಒಂದು ಹನಿಯೂ ಪೋಲಾಗದಂತೆ ಹಿಡಿದರೂ ಆ ನೆಲದ ಮಳೆ ಆ ನೆಲದ ಮೇಲೆ ವಾಸಿಸುವವರಿಗೆ ಸಾಲದು.

ಕೊಳವೆ ಬಾವಿ ಕೊರೆದರೆ? ನಮ್ಮ ಸೀಮೆಯ ತಳದಲ್ಲಿರುವುದು ಗಟ್ಟಿಶಿಲೆ. ಮೇಲ್ಪದರದ ಶಿಥಿಲವಾದ ಕಲ್ಲು ಮತ್ತು ಅದರ ಕೆಳಗಿನ ಬಿರುಕುಗಳಲ್ಲಿ ಮಾತ್ರ ನೀರು ನಿಲ್ಲಬಲ್ಲುದು. ಅಂಥ ಶಿಥಿಲ ಪದರವೂ ತನ್ನ ಗಾತ್ರದ ನೂರಕ್ಕೆ ಒಂದೆರಡು ಭಾಗದಷ್ಟು ನೀರನ್ನೇ ಬಿಟ್ಟುಕೊಡುವುದು. ಇಂಥ ನೆಲದಲ್ಲಿ ಮಳೆಯ ನೂರಕ್ಕೆ ಸುಮಾರು 8 ಭಾಗ ಅಂತರ್ಜಲವನ್ನು ಸೇರುವುದೆಂದು ಇಟ್ಟುಕೊಂಡರೆ, ಹತ್ತು ಎಕರೆಯಲ್ಲಿ ವರ್ಷಕ್ಕೆ ಇಂಗುವುದು 19 ಲಕ್ಷ ಲೀಟರಿಗೆ ಸ್ವಲ್ಪ ಹೆಚ್ಚು. ತೆಗೆಯಬೇಕಾದುದು 365 ಲಕ್ಷ. ಎಂದರೆ ಹತ್ತು ಎಕರೆಯ ಬಡಾವಣೆ ನೀರಿನ ಲೆಕ್ಕದಲ್ಲಿ 190 ಎಕರೆಯಷ್ಟು ವಿಶಾಲವಾಗಿದೆ! ಉಳಿದ 180 ಎಕರೆ ಯಾರದು? ನೆರೆಯ ತೋಟದವರದು, ಹೊಲದವರದು. ಕಾಗದಪತ್ರದಲ್ಲಿ ಅದಾವುದನ್ನೂ ಯಾರೂ ಮಾರಿಲ್ಲ, ಯಾರೂ ಕೊಂಡಿಲ್ಲ.

ಆಳದಿಂದ ಎತ್ತುವುದಕ್ಕೆ ಶಕ್ತಿಯೂ ಬೇಕು. ಒಂದು ಲಕ್ಷ ಲೀಟರು ನೀರಿನ ದ್ರವ್ಯರಾಶಿ ಒಂದು ಲಕ್ಷ ಕಿಲೋಗ್ರಾಂ. ಅದನ್ನು 200 ಮೀಟರು ಆಳದಿಂದ ಎತ್ತಲು ಮಾಡಬೇಕಾದ ಕೆಲಸ 19.6 ಕೋಟಿ ಜೂಲ್. ವಿದ್ಯುತ್ತಿನ ಒಂದು ಯೂನಿಟ್ಟೆಂದರೆ 36 ಲಕ್ಷ ಜೂಲ್. ಹಾಗಾದರೆ 54 ಯೂನಿಟ್ಟು. ಪಂಪು ಮತ್ತು ಕೊಳವೆಗಳಲ್ಲಿ ಅರ್ಧದಷ್ಟು ಶಕ್ತಿ ವ್ಯರ್ಥವಾಗುವುದಾದರೆ ದಿನವೊಂದಕ್ಕೆ ಸುಮಾರು 109 ಯೂನಿಟ್ಟು. ನೀರಿನ ಮಟ್ಟ ಇಳಿದಷ್ಟೂ ಈ ಅಂಕೆ ಏರುತ್ತದೆ. ಹೊರಗಿನ ನದಿಯಿಂದ ತರುವುದಾದರೂ ಎತ್ತುವ ಕೆಲಸ ತಪ್ಪದು. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ತುಂಗೆಯ ನೀರನ್ನು ಭದ್ರೆಗೆ ಎತ್ತಿ, ಭದ್ರೆಯಿಂದ ಮತ್ತೆ ಎತ್ತಿ, ಅಜ್ಜಂಪುರದ ಬಳಿ ಸುಮಾರು 7 ಕಿಲೋಮೀಟರು ಸುರಂಗದ ಮೂಲಕ ಒಣನಾಡಿನ ಕಡೆಗೆ ಹಾಯಿಸುವ ಏರ್ಪಾಡಿರುವುದನ್ನು ಇಲ್ಲಿಯವರೆಲ್ಲ ಬಲ್ಲರು.

ಹಾಗಾದರೆ ಉಪಾಯವೇ ಇಲ್ಲವೆ? ಪೂರ್ತಿ ಪರಿಹಾರವಿಲ್ಲದಿದ್ದರೂ ಭಾರವನ್ನು ಬಹಳಷ್ಟು ಇಳಿಸಬಹುದು. ನಿವೇಶನದಲ್ಲಿ 900 ಚದರ ಅಡಿಯ ಮಾಳಿಗೆಯಿದ್ದರೆ ಅದರ ಮೇಲೆ ವರ್ಷಕ್ಕೆ 50,000 ಲೀಟರು ಮಳೆ ಬೀಳುತ್ತದೆ. ಐದರಲ್ಲಿ ಒಂದು ಪಾಲು ವ್ಯರ್ಥವಾದರೂ 40,000 ಲೀಟರು ಕೈಗೆ ಸಿಗುತ್ತದೆ. ಐವರ ಸಂಸಾರಕ್ಕೆ ಅದು 80 ದಿನದ ನೀರು. ಇನ್ನೂರು ಮನೆಗಳಿಂದ 80 ಲಕ್ಷ ಲೀಟರು, ಎಂದರೆ ವರ್ಷದ ಅಗತ್ಯದಲ್ಲಿ ಐದರಲ್ಲೊಂದು ಪಾಲಿಗಿಂತ ಹೆಚ್ಚು. ಇನ್ನು ಬಳಸಿದ ನೀರಿನಲ್ಲಿ ಸುಮಾರು ನೂರಕ್ಕೆ 80 ಭಾಗ ಕೊಳೆನೀರಾಗಿ ಹೊರಬೀಳುತ್ತದೆ. ಅದನ್ನು ಇನ್ನೂರು ಗುಂಡಿಗಳಲ್ಲಿ ಇಂಗಿಸಿದರೆ ಅದರ ನೈಟ್ರೇಟು ಅದೇ ಬಾವಿಯ ನೀರಿಗೆ ಬಂದು ಸೇರುವ ಭಯವಿದೆ. ಒಂದೆಡೆಗೆ ತಂದು ಶುದ್ಧಿ ಮಾಡಿದರೆ ಗಿಡಗಳಿಗೂ ಇತರ ಕೆಲಸಗಳಿಗೂ ಅದೇ ನೀರು ಎರಡನೆಯ ಬಾರಿ ಒದಗುತ್ತದೆ. ಇವೆಲ್ಲಕ್ಕೂ ಜಾಗವನ್ನು ಮೊದಲೇ ಬಿಡಬೇಕು. ಮನೆಗಳೆದ್ದ ಮೇಲೆ ಬಿಡಲಾಗದು.

ಎರೆಮಣ್ಣಿನ ಮೇಲೆ ಮನೆ

ಅಜ್ಜಂಪುರದ ಕಡೆ ಎರೆನೆಲದಲ್ಲಿ ಬಡಾವಣೆ ಮಾಡುವವರು ಇನ್ನೊಂದು ಸಂಗತಿಯನ್ನು ಲಕ್ಷಿಸಬೇಕು. ಎರೆಮಣ್ಣಿನಲ್ಲಿ ಮಾಂಟ್‌ಮೊರಿಲ್ಲೊನೈಟ್ ಜಾತಿಯ ಜೇಡಿ ಹೇರಳವಾಗಿದೆ. ಅದರ ಕಣಗಳು ಪುಸ್ತಕದ ಹಾಳೆಗಳಂತೆ ಒಂದರ ಮೇಲೊಂದು ಜೋಡಿಸಿದ ತೆಳುಪದರಗಳು. ನೀರಿನ ಅಣುಗಳು ಈ ಹಾಳೆಗಳ ನಡುವೆ ನುಸುಳಿ ಅವನ್ನು ದೂರ ದೂರ ಸರಿಸುವುದರಿಂದ ಮಣ್ಣು ಉಬ್ಬುತ್ತದೆ. ಬೇಸಗೆಯಲ್ಲಿ ನೀರು ಹೊರಟುಹೋದಾಗ ಕುಗ್ಗಿ, ಕೈ ತೂರುವಷ್ಟು ಅಗಲದ ಬಿರುಕುಗಳನ್ನು ಬಿಡುತ್ತದೆ.

ಮನೆಯ ನಡುಭಾಗದ ಕೆಳಗೆ ಮಣ್ಣಿನ ತೇವ ಹೆಚ್ಚು ಬದಲಾಗದು. ಹೊರಗೋಡೆಯ ಕೆಳಗೆ ಋತುಋತುವಿಗೂ ಬದಲಾಗುತ್ತದೆ. ಆದುದರಿಂದ ಅಡಿಪಾಯದ ಒಂದು ಭಾಗ ಏಳುತ್ತದೆ, ಇನ್ನೊಂದು ಭಾಗ ಇಳಿಯುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಏರುವ ಬಿರುಕು ಇದರ ಫಲ. ಇಂಥ ನೆಲಕ್ಕಾಗಿಯೇ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು ಬುಡದಲ್ಲಿ ಗಡ್ಡೆಯಂತೆ ಅಗಲವಾದ ಕಾಂಕ್ರೀಟು ಕಂಬಗಳನ್ನು ರೂಪಿಸಿದರು. ಋತುವಿನ ತೇವ ಮುಟ್ಟದ ಆಳದಲ್ಲಿ ಆ ಗಡ್ಡೆ ನೆಲೆಯೂರಿ ಮನೆಯನ್ನು ಅಲುಗದಂತೆ ಹಿಡಿಯುತ್ತದೆ. ಎರೆನೆಲದಲ್ಲಿ ಇಂಗುಗುಂಡಿಯೂ ಕಡೂರಿನ ಕೆಮ್ಮಣ್ಣಿನಲ್ಲಿ ಮಾಡುವಷ್ಟು ಕೆಲಸ ಮಾಡಲಾರದು. ಒಮ್ಮೆ ನೆನೆದು ಉಬ್ಬಿದ ಮಣ್ಣು ನೀರಿನ ದಾರಿಯನ್ನು ತಾನೇ ಮುಚ್ಚಿಬಿಡುತ್ತದೆ. ಆದುದರಿಂದ ಅಲ್ಲಿ ಇಂಗಿಸುವುದಕ್ಕಿಂತ ತೊಟ್ಟಿಯಲ್ಲಿ ಕೂಡಿಸುವುದು ಮೇಲು, ಅದೂ ಅಡಿಪಾಯದಿಂದ ದೂರದಲ್ಲಿ.

ಮಾಡಿ ನೋಡಬಹುದಾದ ಮೂರು ಪ್ರಯೋಗಗಳು

ಇದನ್ನೆಲ್ಲ ನಂಬಬೇಕಾಗಿಲ್ಲ, ವಿದ್ಯಾರ್ಥಿಗಳು ತಾವೇ ಪರೀಕ್ಷಿಸಬಹುದು. ಜಮೀನಿನವರ ಅನುಮತಿ ಪಡೆದು, ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗುವುದು ಅವಶ್ಯ.

ಮೊದಲನೆಯದು ಇಳಿಜಾರಿನ ಪರೀಕ್ಷೆ. ಮನೆ ಕಟ್ಟುವ ಮೇಸ್ತ್ರಿಗಳು ನೀರು ತುಂಬಿದ ಪಾರದರ್ಶಕ ಕೊಳವೆಯಿಂದ ಮಟ್ಟ ನೋಡುವುದನ್ನು ಕಂಡಿರುತ್ತೀರಿ. ಕೊಳವೆಯ ಎರಡು ತುದಿಗಳಲ್ಲಿಯೂ ನೀರು ಒಂದೇ ಎತ್ತರದಲ್ಲಿ ನಿಲ್ಲುತ್ತದೆ. ಎರಡು ತುದಿಗಳನ್ನು ಎರಡು ಅಳತೆಗೋಲುಗಳಿಗೆ ಕಟ್ಟಿ, ಹತ್ತು ಹತ್ತು ಮೀಟರಿಗೆ ಸರಿಯುತ್ತ ವ್ಯತ್ಯಾಸವನ್ನು ಬರೆದುಕೊಂಡರೆ ಇಡೀ ಬಡಾವಣೆಯ ಏರುತಗ್ಗುಗಳು ತಿಳಿಯುತ್ತವೆ. ಅವನ್ನು ನಕ್ಷೆಯ ಮೇಲೆ ಬಾಣಗಳಾಗಿ ಗುರುತಿಸಿರಿ. ಕಂದಾಯ ಇಲಾಖೆಯ ಗ್ರಾಮನಕ್ಷೆಯಲ್ಲಿ ಹಳ್ಳಗಳನ್ನೂ ಕೆರೆಗಳನ್ನೂ ತೋರಿಸಿರುತ್ತಾರೆ. ಬಾಣಗಳು ಅವುಗಳ ಕಡೆಗೆ ಹೋಗುತ್ತವೆಯೆ, ನಡುವೆ ಯಾವುದಾದರೂ ಹಳ್ಳ ಮುಚ್ಚಿಹೋಗಿದೆಯೆ ಎಂಬುದನ್ನು ಹೋಲಿಸಿ ನೋಡಿರಿ.

ಎರಡನೆಯದು ಇಂಗುವಿಕೆಯ ಪರೀಕ್ಷೆ. ಎರಡು ಬದಿಯೂ ತೆರೆದ ತಗಡಿನ ಡಬ್ಬಿಯೊಂದನ್ನು ನೆಲಕ್ಕೆ ಐದು ಸೆಂಟಿಮೀಟರು ಇಳಿಯುವಂತೆ ಬಡಿದು, ನೀರು ಹುಯ್ದು, ಮಟ್ಟವು ಒಂದು ಸೆಂಟಿಮೀಟರು ಇಳಿಯಲು ಹಿಡಿಯುವ ಕಾಲವನ್ನು ಗಡಿಯಾರದಿಂದ ನೋಡಿರಿ. ಆರು ನಿಮಿಷ ಹಿಡಿದರೆ ಗಂಟೆಗೆ 100 ಮಿಲಿಮೀಟರು ಇಂಗುತ್ತದೆಂದಾಯಿತು. ನಮ್ಮ 40 ಮಿಲಿಮೀಟರಿನ ಮಳೆಯನ್ನು ಆ ನೆಲ ನುಂಗಬಲ್ಲುದು. ಉತ್ತ ಹೊಲದಲ್ಲಿಯೂ, ಯಂತ್ರಗಳು ಓಡಾಡಿ ಬಿಗಿಯಾದ ನಿವೇಶನದಲ್ಲಿಯೂ ಬೇರೆ ಬೇರೆಯಾಗಿ ಅಳೆದರೆ ವ್ಯತ್ಯಾಸ ಕಣ್ಣಿಗೆ ಕಟ್ಟುತ್ತದೆ.

ಮೂರನೆಯದು ಮಣ್ಣು ಉಬ್ಬುವಿಕೆಯ ಪರೀಕ್ಷೆ. ಒಣಗಿಸಿ ನುಣ್ಣಗೆ ಜರಡಿ ಹಿಡಿದ ಮಣ್ಣನ್ನು ಹತ್ತು ಹತ್ತು ಗ್ರಾಂ ತೂಗಿ ಎರಡು ಅಳತೆಯ ಗಾಜಿನ ಜಾಡಿಗಳಲ್ಲಿ ಹಾಕಿರಿ. ಒಂದರಲ್ಲಿ ಬಟ್ಟಿ ಇಳಿಸಿದ ನೀರನ್ನೂ ಇನ್ನೊಂದರಲ್ಲಿ ಸೀಮೆಎಣ್ಣೆಯನ್ನೂ ತುಂಬಿ, ಕಲಕಿ, ಒಂದು ದಿನ ಬಿಡಿರಿ. ಸೀಮೆಎಣ್ಣೆಯ ಅಣುಗಳು ಜೇಡಿಯ ಪದರಗಳ ನಡುವೆ ನುಸುಳಲಾರವು. ಆದುದರಿಂದ ಅಲ್ಲಿ ಮಣ್ಣು ಉಬ್ಬದು. ನೀರಿನಲ್ಲಿ ಮಣ್ಣಿನ ಗಾತ್ರ ಅದಕ್ಕಿಂತ ಎಷ್ಟು ಹೆಚ್ಚಾಗಿದೆಯೆಂದು ನೋಡಿರಿ. ಒಂದೂವರೆ ಮಡಿಯನ್ನು ಮೀರಿದರೆ ಅಡಿಪಾಯದ ವಿಷಯದಲ್ಲಿ ಎಂಜಿನಿಯರರ ಸಲಹೆ ಪಡೆಯದೆ ಮನೆ ಕಟ್ಟಬಾರದು.

ನಕ್ಷೆ ಇನ್ನೂ ಕರಡಾಗಿರುವಾಗ

ನಮ್ಮ ವಿದ್ಯಾರ್ಥಿಯೂ ಅವನ ಸ್ನೇಹಿತರಿಬ್ಬರೂ ಒಂದು ಭಾನುವಾರ ಕೊಳವೆಯನ್ನು ಹಿಡಿದು ಆ ಹತ್ತು ಎಕರೆಯನ್ನು ಅಳೆದರು. ಮೇಲಿನ ಮೂಲೆಗೂ ಕೆಳಗಿನ ಮೂಲೆಗೂ ಎರಡು ಮೀಟರಿಗೆ ಮೀರಿದ ವ್ಯತ್ಯಾಸವಿತ್ತು. ಹಾಗೆ ನೋಡಿದರೆ ಸಮತಟ್ಟೆಂದೇ ಎಲ್ಲರೂ ತಿಳಿದಿದ್ದ ಹೊಲ ಅದು. ಬಾಣಗಳೆಲ್ಲ ತೆಂಗಿನ ತೋಟದ ಕಡೆಗೆ, ಕೆಳಗಿನ ಸಾಲಿನ ನಿವೇಶನಗಳ ಮೇಲೆಯೇ ಹಾದು ಹೋಗಿದ್ದುವು.

ಆತನ ತಂದೆಯವರು ಆ ಬಾಣಗಳನ್ನು ಬಹಳ ಹೊತ್ತು ನೋಡಿದರು. “ಉದ್ಯಾನವನ್ನು ಕೆಳಕ್ಕೆ ತಂದರೆ ಆ ಸಾಲು ಮೇಲಕ್ಕೆ ಹೋಗುತ್ತದೆ. ಸೈಟು ಒಂದೂ ಕಡಮೆಯಾಗುವುದಿಲ್ಲ, ಅಲ್ಲವೆ ಮೇಷ್ಟ್ರೆ?” ಎಂದರು. ಕಡಮೆಯಾಗುವುದಿಲ್ಲವೆಂದು ನಾವು ಹೇಳಿದೆವು. ಬಳಸುವ ನೀರಿನ ಪ್ರಶ್ನೆ ಮಾತ್ರ ಅಷ್ಟು ಸುಲಭವಾಗಿ ಬಗೆಹರಿಯದೆಂಬುದನ್ನೂ ಹೇಳಿದೆವು. 190 ಎಕರೆಯ ಲೆಕ್ಕವನ್ನು ಅವರು ಎರಡು ಸಲ ಮಾಡಿಸಿ ನೋಡಿದರು. ಅನಂತರ ಸುರುಳಿಯನ್ನು ಸುತ್ತಿಕೊಂಡು, ತಮ್ಮಂದಿರೊಡನೆಯೂ ನಕ್ಷೆ ಬರೆದವರೊಡನೆಯೂ ಮಾತನಾಡುವುದಾಗಿ ಹೇಳಿ ಹೊರಟರು.

ನಕ್ಷೆ ಪೆನ್ಸಿಲಿನಲ್ಲಿರುವಾಗ ಒಂದು ಗೆರೆಯನ್ನು ಅಳಿಸಲು ಒಂದು ರಬ್ಬರು ಸಾಕು. ಅದೇ ಗೆರೆ ಗೋಡೆಯಾಗಿ ಎದ್ದ ಮೇಲೆ ಅಳಿಸುವ ಕೆಲಸವನ್ನು ಮಳೆ ಕೈಗೆತ್ತಿಕೊಳ್ಳುತ್ತದೆ. ನಿಮ್ಮ ಊರಿನ ಅಂಚಿನಲ್ಲಿಯೂ ಗಡಿಕಲ್ಲುಗಳು ಏಳುತ್ತಿರಬಹುದು. ಅಲ್ಲಿಗೆ ಹೋಗಿ ಎರಡೇ ಪ್ರಶ್ನೆಗಳನ್ನು ಕೇಳಿರಿ: ಇಲ್ಲಿ ಬಿದ್ದ ನೀರು ಎಲ್ಲಿಗೆ ಹೋಗುತ್ತದೆ? ಇಲ್ಲಿ ಬಳಸುವ ನೀರು ಎಲ್ಲಿಂದ ಬರುತ್ತದೆ? ಈ ಎರಡಕ್ಕೂ ಅಂಕೆಗಳಲ್ಲಿ ಉತ್ತರ ದೊರೆತರೆ ಆ ನಕ್ಷೆ ಪೂರ್ತಿಯಾಗಿದೆಯೆಂದು ತಿಳಿಯಬಹುದು.